ರಮಝಾನಿನಲ್ಲಿ ತಾಯಿಯ ಪಾಲು

(ಕುಟುಂಬ ಸಂಗಮವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ರಮಝಾನ್ ಸಮೀಪಿಸುತ್ತಿದ್ದಂತೆಯೇ ನಮ್ಮ ಸಭೆಗಳಲ್ಲಿ ಉಪವಾಸದ ಮಹತ್ವ, ಪವಿತ್ರ ಕುರ್‌ಆನಿನ ಅವತೀರ್ಣ, ಲೈಲತುಲ್ ಕದ್ರ್, ಝಕಾತಿನ ಲೆಕ್ಕಾಚಾರ ಮುಂತಾದ ವಿಷಯಗಳು ಚರ್ಚೆಗೆ ಬರುತ್ತವೆ. ಬರಲೇಬೇಕು. ಆದರೆ ಇಂದು ನಾವು ಅವುಗಳ ಕುರಿತು ಮಾತನಾಡುವುದಿಲ್ಲ. ಆ ತಿಂಗಳಲ್ಲಿ ನಮ್ಮ ಮನೆಯ ತಾಯಿಯ ದಿನ ಎಲ್ಲಿಂದ ಆರಂಭವಾಗುತ್ತದೆ, ಎಲ್ಲಿ ಮುಗಿಯುತ್ತದೆ, ಅದರ ನಡುವೆ ಅವಳಿಗೆ ತನ್ನ ಪ್ರಭುವಿನೊಂದಿಗೆ ಕಳೆಯಲು ಎಷ್ಟು ಹೊತ್ತು ಸಿಗುತ್ತದೆ ಎಂಬುದೇ ಇಂದಿನ ವಿಷಯ. ಇದೊಂದು ಅಡುಗೆಮನೆಯ ವಿಚಾರ, ಇದಕ್ಕೆ ವೇದಿಕೆ ಬೇಕೇ ಎಂದು ಕೆಲವರಿಗೆ ಅನಿಸಬಹುದು. ಸಮುದಾಯದ ಅರ್ಧದಷ್ಟು ಜನರ ಆರಾಧನೆಗೆ ಸಂಬಂಧಿಸಿದ ವಿಚಾರಕ್ಕೆ ವೇದಿಕೆ ಇಲ್ಲವೆಂದಾದರೆ ಬೇರಾವುದಕ್ಕೆ ಇದೆ?

ಮಾರ್ಚ್ ತಿಂಗಳಲ್ಲಿ ಬರುವ ರಮಝಾನನ್ನೇ ತೆಗೆದುಕೊಳ್ಳೋಣ. ಆ ದಿನಗಳಲ್ಲಿ ನಮ್ಮ ಕರಾವಳಿಯಲ್ಲಿ ಫಜ್ರ್‌ನ ಅಝಾನ್ ಕೇಳಿಬರುವುದು ಐದೂವರೆಯ ಆಸುಪಾಸಿನಲ್ಲಿ. ಸೂರ್ಯ ಮುಳುಗುವುದು ಸಂಜೆ ಆರೂವರೆ ಕಳೆದ ಮೇಲೆ. ಹಾಗಾಗಿ ಉಪವಾಸದ ಅವಧಿ ಸುಮಾರು ಹದಿಮೂರು ಗಂಟೆ. ಇದು ಮನೆಯ ಎಲ್ಲರಿಗೂ ಒಂದೇ. ಆದರೆ ಎಚ್ಚರವಿರುವ ಅವಧಿ ಎಲ್ಲರಿಗೂ ಒಂದೇ ಅಲ್ಲ. ನಾಲ್ಕು ಗಂಟೆಗೆ ಏಳುವವಳು ತಾಯಿ. ಅನ್ನ ಬಿಸಿ ಮಾಡಿ, ಸಾರು ಕುದಿಸಿ, ಚಹಾ ಇಟ್ಟ ಬಳಿಕ ಅವಳು ಒಬ್ಬೊಬ್ಬರನ್ನೇ ಎಬ್ಬಿಸತೊಡಗುತ್ತಾಳೆ. ಕಾಲೇಜಿಗೆ ಹೋಗುವ ಮಗನನ್ನು ಮೂರು ಬಾರಿ ಎಬ್ಬಿಸಬೇಕು. ಮೊದಲ ಉಪವಾಸದ ಉತ್ಸಾಹದಲ್ಲಿರುವ ಚಿಕ್ಕ ಮಗಳನ್ನು ಎಬ್ಬಿಸದಿದ್ದರೆ ಬೆಳಗಾದ ಮೇಲೆ ಅಳುತ್ತಾಳೆ. ಎಲ್ಲರೂ ಕುಳಿತು ಉಣ್ಣುವಾಗ ಗಡಿಯಾರದ ಮೇಲೆ ಕಣ್ಣಿಟ್ಟು ಬಡಿಸುವವಳಿಗೆ ಕೊನೆಗೆ ಉಳಿಯುವುದು ಐದು ನಿಮಿಷ. ಕೆಲವೊಮ್ಮೆ ಒಂದು ಲೋಟ ನೀರು ಮತ್ತು ಒಂದು ಖರ್ಜೂರದಲ್ಲಿ ಅವಳ ಸಹರಿ ಮುಗಿಯುತ್ತದೆ.

ಫಜ್ರ್ ನಮಾಝಿನ ನಂತರ ಗಂಡಸರು ಒಂದಿಷ್ಟು ನಿದ್ರಿಸುತ್ತಾರೆ. ಅವಳು ನಿದ್ರಿಸುವಂತಿಲ್ಲ. ಉಪವಾಸವಿಲ್ಲದ ಪುಟ್ಟ ಮಕ್ಕಳಿಗೆ ತಿಂಡಿಯಾಗಬೇಕು, ಶಾಲೆಯ ಬುತ್ತಿಯಾಗಬೇಕು. ಸಕ್ಕರೆ ಕಾಯಿಲೆಯ ಮಾವನಿಗೆ ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ ಕೊಡಬೇಕು. ಅಂದರೆ ಉಪವಾಸದ ತಿಂಗಳಲ್ಲಿ ಅಡುಗೆಮನೆಯ ಕೆಲಸ ಕಡಿಮೆಯಾಗುವುದಿಲ್ಲ. ಹಗಲಿನ ಅಡುಗೆ ಎಂದಿನಂತೆ ಉಳಿದುಕೊಂಡು, ಅದರ ಮೇಲೆ ಇಫ್ತಾರಿನ ಅಡುಗೆ, ರಾತ್ರಿಯ ಅಡುಗೆ, ಸಹರಿಯ ಅಡುಗೆ ಬಂದು ಕೂರುತ್ತವೆ. ಅಸರ್ ನಮಾಝ್ ಮುಗಿಯುವುದೇ ತಡ ಎಣ್ಣೆಯ ಬಾಣಲೆ ಒಲೆಯ ಮೇಲೇರುತ್ತದೆ. ಸಮೋಸ, ಕಟ್ಲೆಟ್, ನೇಂದ್ರ ಬಾಳೆಹಣ್ಣಿನ ಕರಿದ ತುಂಡು, ಜೀರಿಗೆ ಗಂಜಿ, ಹಣ್ಣಿನ ಪಾನಕ. ರಾತ್ರಿಗೆ ಪತ್ತಿರ್ ಅಥವಾ ಪುಂಡಿ. ಅದಕ್ಕೆ ಕೋಳಿಯ ಸಾರು, ಸಾರಿಗೆ ತೆಂಗಿನಕಾಯಿ ತುರಿಯಬೇಕು. ಖಾಲಿ ಹೊಟ್ಟೆಯಲ್ಲಿ, ಒಣಗಿದ ಗಂಟಲಿನಲ್ಲಿ, ಮಾರ್ಚಿನ ಸೆಖೆಯಲ್ಲಿ, ಒಲೆಯ ಎದುರು ನಿಂತು ಇದನ್ನೆಲ್ಲ ಮಾಡುವವಳು ಉಪ್ಪು ಸರಿಯಾಗಿದೆಯೇ ಎಂದು ನೋಡಲು ನಾಲಗೆಯ ತುದಿಗೆ ಸೋಕಿಸಿ ಉಗುಳುವುದಕ್ಕೂ ಅಳುಕುತ್ತಾಳೆ. ನುಂಗದೆ ಹಾಗೆ ನೋಡುವುದಕ್ಕೆ ವಿದ್ವಾಂಸರು ಅನುಮತಿ ಕೊಟ್ಟಿದ್ದಾರೆ ಎಂಬುದು ಅವಳಿಗೆ ತಿಳಿದಿದ್ದರೂ ಅಳುಕು ಹೋಗುವುದಿಲ್ಲ. ಆ ಬಳಿಕ ಮಗ್‌ರಿಬ್‌ನ ಅಝಾನ್ ಆಗುತ್ತದೆ, ಎಲ್ಲರ ಕೈ ತಟ್ಟೆಗೆ ಹೋಗುತ್ತದೆ, ಯಾರೋ ಒಬ್ಬರು 'ಇಂದು ಉಪ್ಪು ಸ್ವಲ್ಪ ಮುಂದಾಗಿದೆ' ಎನ್ನುತ್ತಾರೆ.

ಪ್ರವಾದಿ(ಸ)ರವರು ಯಾವ ಆಹಾರವನ್ನೂ ಎಂದೂ ಹಳಿದವರಲ್ಲ, ಇಷ್ಟವಾದರೆ ಸೇವಿಸುತ್ತಿದ್ದರು, ಇಲ್ಲವಾದರೆ ಬಿಟ್ಟುಬಿಡುತ್ತಿದ್ದರು ಎಂಬ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲಿಯೂ ಇದೆ. ಇದು ನಮ್ಮಲ್ಲಿ ಮದ್ರಸದ ಮಕ್ಕಳಿಗೂ ಗೊತ್ತು. ಗೊತ್ತಿರುವುದು ಊಟದ ಸುಪ್ರದ ತನಕ ಬಂದು ತಲುಪುವುದಿಲ್ಲ, ಅಷ್ಟೇ.

ರಾತ್ರಿಯ ವಿಷಯವನ್ನೂ ಹೇಳಿಬಿಡೋಣ. ತಂದೆ, ಮಕ್ಕಳು ಬಿಳಿ ಬಟ್ಟೆ ತೊಟ್ಟು, ಅತ್ತರು ಪೂಸಿ ತರಾವೀಹ್‌ಗೆ ಹೊರಡುತ್ತಾರೆ. ಎಷ್ಟು ಸುಂದರ ದೃಶ್ಯವದು! ಅವರ ಹಿಂದೆ ಬಾಗಿಲು ಮುಚ್ಚಿದ ಬಳಿಕ ಮನೆಯೊಳಗೆ ಉಳಿಯುವುದು ಪಾತ್ರೆಗಳ ರಾಶಿ, ನಿದ್ರೆಗೆ ಹಠ ಹಿಡಿದ ಕೂಸು ಮತ್ತು ಇನ್ನೂ ಇಶಾ ನಮಾಝ್ ನಿರ್ವಹಿಸಬೇಕಾಗಿರುವ ತಾಯಿ. ಅವರು ಮರಳಿ ಬಂದಾಗ ಮತ್ತೊಮ್ಮೆ ಚಹಾ ಆಗಬೇಕು. ಬೆಂಗಳೂರಿನ ಫ್ರೇಝರ್ ಟೌನಿನ ಮಸೀದಿ ರಸ್ತೆಯಂತಹ ಕಡೆಗಳಲ್ಲಿ ರಮಝಾನಿನ ರಾತ್ರಿ ಎಂದರೆ ತಿನಿಸುಗಳ ಜಾತ್ರೆ ಎಂದೇ ಹೆಸರಾಗಿದೆ. ಅಲ್ಲಿಗೆ ಹೋಗಿ ಬಂದವರಿಗೂ ಸಹರಿಗೆ ಮನೆಯಲ್ಲಿ ಅನ್ನ ಬೇಕು. ಅವಳು ಮಲಗುವಾಗ ಹನ್ನೆರಡು ದಾಟಿರುತ್ತದೆ. ನಾಲ್ಕಕ್ಕೆ ಮತ್ತೆ ಏಳಬೇಕು. ಮೂವತ್ತು ದಿನ ಹೀಗೆ.

ಈ ತಿಂಗಳು ಕುರ್‌ಆನಿನ ತಿಂಗಳು. ಒಂದು ಖತಮ್ ಮುಗಿಸಬೇಕೆಂಬ ನಿಯ್ಯತ್ತಿನೊಂದಿಗೆ ಮೊದಲ ದಿನ ಮುಸ್‌ಹಫ್ ತೆರೆದ ತಾಯಂದಿರಲ್ಲಿ ಎಷ್ಟು ಮಂದಿ ಹತ್ತನೆಯ ಜುಝ್ಅ್ ದಾಟಿದ್ದೀರಿ ಎಂದು ನಾವಿಲ್ಲಿ ಕೈ ಎತ್ತಿಸಿ ಕೇಳುವುದಿಲ್ಲ. ಆ ಪ್ರಶ್ನೆಗೆ ಉತ್ತರಿಸಬೇಕಾದವರು ಅವರಲ್ಲ.

ಇದು ನಮ್ಮ ಸಮುದಾಯದ ಸಮಸ್ಯೆ ಮಾತ್ರವೆಂದು ಯಾರೂ ಭಾವಿಸಬೇಕಾಗಿಲ್ಲ. ಮುಸ್ಲಿಮ್ ಮಹಿಳೆ ಎಂದೊಡನೆ ಕಣ್ಣೀರು ಸುರಿಸಲು ಸಿದ್ಧರಾಗುವ ಟಿವಿ ಚರ್ಚೆಯ ಪಂಡಿತರಿಗೂ ಈ ಮಾತು ಅನ್ವಯಿಸುತ್ತದೆ. ಕೇಂದ್ರ ಸರಕಾರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ದೇಶದ ಜನರು ದಿನದ ಇಪ್ಪತ್ತನಾಲ್ಕು ಗಂಟೆಗಳನ್ನು ಹೇಗೆ ಕಳೆಯುತ್ತಾರೆ ಎಂಬ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಸರಾಸರಿ ದಿನಕ್ಕೆ 299 ನಿಮಿಷಗಳನ್ನೂ ಪುರುಷರು 97 ನಿಮಿಷಗಳನ್ನೂ ಅದಕ್ಕಾಗಿ ವ್ಯಯಿಸುತ್ತಾರೆ ಎಂದು ತಿಳಿದುಬಂತು. ಅದೂ ಮನೆಗೆಲಸದಲ್ಲಿ ಕೈಹಾಕಿದ ಪುರುಷರ ಲೆಕ್ಕ. ಅಂಥವರು ನೂರರಲ್ಲಿ 26 ಮಂದಿ ಮಾತ್ರ. 2024ರಲ್ಲಿ ಇದೇ ಸಮೀಕ್ಷೆ ಮತ್ತೆ ನಡೆದಾಗ ಮಹಿಳೆಯರ ಸಮಯ 289 ನಿಮಿಷಕ್ಕೆ ಇಳಿದಿತ್ತು. ಸಂತೋಷಪಡೋಣವೆಂದರೆ ಪುರುಷರದ್ದೂ 88ಕ್ಕೆ ಇಳಿದಿತ್ತು. ಅಂತರವನ್ನು ನೀವೇ ಕಳೆದು ನೋಡಿ, ಮೊದಲು 202 ನಿಮಿಷ, ಐದು ವರ್ಷಗಳ ನಂತರ 201. ಒಂದೇ ಒಂದು ನಿಮಿಷ! ಗ್ಯಾಸ್ ಒಲೆ, ಮಿಕ್ಸರ್, ವಾಷಿಂಗ್ ಮೆಷಿನ್ ಎಲ್ಲವೂ ಬಂದಿವೆ. ಯಂತ್ರಗಳು ಉಳಿಸಿಕೊಟ್ಟ ಸಮಯದಲ್ಲಿ ಇಬ್ಬರೂ ಸಮಾನವಾಗಿ ಪಾಲು ಪಡೆದಿದ್ದಾರೆ. ಕೆಲಸದಲ್ಲಿ ಮಾತ್ರ ಪಾಲಾಗಿಲ್ಲ.

2021ರ ಜನವರಿ 5ರಂದು ಸುಪ್ರೀಮ್ ಕೋರ್ಟು ಒಂದು ತೀರ್ಪು ನೀಡಿತು. ರಸ್ತೆ ಅಪಘಾತದಲ್ಲಿ ಮಡಿದ ದೆಹಲಿಯ ದಂಪತಿಯ ಮಕ್ಕಳಿಗೆ ಸಿಗಬೇಕಾದ ಪರಿಹಾರದ ಪ್ರಕರಣವದು. ಅದರಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣರವರು ತಮ್ಮ ಪ್ರತ್ಯೇಕ ಅಭಿಪ್ರಾಯವನ್ನು ಬರೆಯುವಾಗ ಇದೇ 299 ಮತ್ತು 97 ನಿಮಿಷಗಳ ಲೆಕ್ಕವನ್ನು ಮುಂದಿಟ್ಟು, ಗೃಹಿಣಿ ಕೆಲಸ ಮಾಡುವುದಿಲ್ಲ ಎಂಬ ಕಲ್ಪನೆಯೇ ತಪ್ಪೆಂದೂ ಅವಳ ದುಡಿಮೆಗೆ ಆದಾಯದ ಮೌಲ್ಯ ಕಟ್ಟುವುದು ನ್ಯಾಯವೆಂದೂ ಹೇಳಿದರು. ನಮ್ಮ ರಾಜ್ಯದಲ್ಲಿ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ದೊರೆಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ಇದನ್ನು ಬಿಟ್ಟಿ ಹಣವೆಂದು ಹಂಗಿಸಿದ ರಾಜಕಾರಣಿಗಳಿದ್ದಾರೆ. ದಿನಕ್ಕೆ ಐದು ಗಂಟೆ ಸಂಬಳವಿಲ್ಲದೆ ದುಡಿಯುವವಳ ಕೈಗೆ ಬಂದ ಹಣ ಬಿಟ್ಟಿ ಹೇಗಾದೀತು ಎಂದು ಅವರನ್ನು ಕೇಳಬೇಕಾಗಿದೆ. ಆದರೆ ಅವರನ್ನು ಕೇಳುವ ಮುನ್ನ ಮನೆಯೊಳಗೂ ಒಂದು ಮಾತು ಕೇಳಬೇಕು. ನ್ಯಾಯಾಲಯ ಗುರುತಿಸಿದ, ಸರಕಾರ ಗುರುತಿಸಿದ ಈ ದುಡಿಮೆಯನ್ನು, ಅವಳ ಕೈಯ ಅಡುಗೆಯಿಂದ ಉಪವಾಸ ತೊರೆಯುವವರು ಗುರುತಿಸಿದ್ದಾರೆಯೇ?

ಇಲ್ಲಿ ಒಂದು ಉತ್ತರ ಸಿದ್ಧವಾಗಿರುತ್ತದೆ. ಉಪವಾಸಿಗನಿಗೆ ಇಫ್ತಾರ್ ಮಾಡಿಸಿದವರಿಗೆ ಉಪವಾಸಿಗನಷ್ಟೇ ಪ್ರತಿಫಲವಿದೆ, ಆದುದರಿಂದ ಅಡುಗೆಮನೆಯಲ್ಲಿ ನಿಂತಿರುವ ತಾಯಿ ಆರಾಧನೆಯಲ್ಲಿಯೇ ಇದ್ದಾಳೆ ಎಂಬುದು ಆ ಉತ್ತರ. ಹದೀಸ್ ಸತ್ಯ. ತಾಯಿಗೆ ಪ್ರತಿಫಲವಿದೆ ಎಂಬುದರಲ್ಲಿಯೂ ಸಂದೇಹವಿಲ್ಲ. ಆದರೆ ಬೇರೆ ಯಾವ ಪುಣ್ಯಕಾರ್ಯದಲ್ಲಿಯೂ ಮೊದಲ ಸಾಲಿಗಾಗಿ ಪೈಪೋಟಿ ನಡೆಸುವ ನಮ್ಮ ಸಹೋದರರು ಈ ಒಂದು ಪುಣ್ಯವನ್ನು ಮಾತ್ರ ಇಷ್ಟೊಂದು ಉದಾರವಾಗಿ ಮಹಿಳೆಯರಿಗೆ ಬಿಟ್ಟುಕೊಟ್ಟಿರುವುದೇಕೆ ಎಂಬುದು ನಮಗೆ ಅರ್ಥವಾಗುವುದಿಲ್ಲ. ಮೂವತ್ತರಲ್ಲಿ ಹತ್ತು ದಿನವಾದರೂ ಅದನ್ನು ಅವರೂ ಗಳಿಸಬಹುದಲ್ಲ! ಮಾತ್ರವಲ್ಲ, ಇಫ್ತಾರ್ ಎಂದರೆ ಎಂಟು ಬಗೆಯ ಕರಿದ ತಿನಿಸು ಎಂದು ಆ ಹದೀಸಿನಲ್ಲಿ ಎಲ್ಲಿಯೂ ಇಲ್ಲ. ಪ್ರವಾದಿ(ಸ)ರವರು ಉಪವಾಸ ತೊರೆಯುತ್ತಿದ್ದುದು ತಾಜಾ ಖರ್ಜೂರದಿಂದ, ಅದಿಲ್ಲದಿದ್ದರೆ ಒಣ ಖರ್ಜೂರದಿಂದ, ಅದೂ ಇಲ್ಲದಿದ್ದರೆ ಕೆಲವು ಗುಟುಕು ನೀರಿನಿಂದ. ಈ ಸುನ್ನತ್ತನ್ನು ಪಾಲಿಸಲು ಬಾಣಲೆಯ ಅಗತ್ಯವಿಲ್ಲ.

ಪ್ರವಾದಿ(ಸ)ರವರು ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಹ. ಆಯಿಶಾ(ರ)ರವರಲ್ಲಿ ಕೇಳಲಾದಾಗ, ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝಿನ ಸಮಯವಾದಾಗ ನಮಾಝಿಗೆ ಹೊರಡುತ್ತಿದ್ದರು ಎಂದು ಅವರು ತಿಳಿಸಿರುವುದನ್ನು ಬುಖಾರಿ ವರದಿ ಮಾಡಿದ್ದಾರೆ. ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಪಾದರಕ್ಷೆಯನ್ನು ತಾವೇ ದುರಸ್ತಿ ಮಾಡಿಕೊಳ್ಳುತ್ತಿದ್ದರು ಎಂಬ ವರದಿಗಳೂ ಇವೆ. ಒಂದು ಸಮುದಾಯದ ನಾಯಕ, ಒಂದು ರಾಜ್ಯದ ಆಡಳಿತಗಾರ ಮನೆಯಲ್ಲಿ ಹೀಗಿದ್ದರೆಂಬುದನ್ನು ನಾವು ಸೀರತ್ ಸಮ್ಮೇಳನಗಳಲ್ಲಿ ಅನ್ಯರ ಮುಂದೆ ಹೆಮ್ಮೆಯಿಂದ ಹೇಳುತ್ತೇವೆ. ಇನ್ನೊಂದು ಹದೀಸ್ ರಮಝಾನಿಗೇ ಸಂಬಂಧಿಸಿದ್ದು. ಕೊನೆಯ ಹತ್ತು ದಿನಗಳು ಬಂದಾಗ ಅವರು ರಾತ್ರಿ ಎಚ್ಚರವಿರುತ್ತಿದ್ದರು ಮತ್ತು ಮನೆಯವರನ್ನೂ ಎಬ್ಬಿಸುತ್ತಿದ್ದರು. ಗಮನಿಸಿ, ಎಬ್ಬಿಸುತ್ತಿದ್ದುದು ಅಡುಗೆಗಲ್ಲ, ಆರಾಧನೆಗೆ. ಅವರ ಪತ್ನಿಯರು ಅವರ ಕಾಲಾನಂತರವೂ ಇಅ್‌ತಿಕಾಫ್ ಆಚರಿಸಿದರು. ಆ ಹತ್ತು ರಾತ್ರಿಗಳಲ್ಲಿ ನಮ್ಮ ಪೇಟೆಗಳ ಬಟ್ಟೆಯಂಗಡಿಗಳು ಮಧ್ಯರಾತ್ರಿಯ ತನಕ ತೆರೆದಿರುತ್ತವೆ. ಲೈಲತುಲ್ ಕದ್ರನ್ನು ಹುಡುಕಬೇಕಾದ ರಾತ್ರಿಗಳಲ್ಲಿ ನಮ್ಮ ಕುಟುಂಬಗಳು ಚೂಡಿದಾರಿಗೆ ಒಪ್ಪುವ ದುಪಟ್ಟಾವನ್ನು ಹುಡುಕುತ್ತಿರುತ್ತವೆ. ಇದರಲ್ಲಿ ತಾಯಂದಿರ ಪಾಲೂ ಇದೆ ಎಂಬುದನ್ನು ಹೇಳದಿದ್ದರೆ ಮಾತು ಏಕಪಕ್ಷೀಯವಾದೀತು. ಶಾಬಾನ್ ತಿಂಗಳಲ್ಲಿ ಕೊಂಡ ಬಟ್ಟೆ ಈದ್‌ಗೆ ಹಳತಾಗುವುದಿಲ್ಲ. ಹಾಗೆಯೇ ನೆರೆಮನೆಗೆ ಕಳುಹಿಸುವ ತಟ್ಟೆಯಲ್ಲಿ ಅವರು ಕಳುಹಿಸಿದ್ದಕ್ಕಿಂತ ಒಂದು ಬಗೆ ಹೆಚ್ಚೇ ಇರಬೇಕೆಂಬ ಹಟವನ್ನು ಯಾವ ಗಂಡಸೂ ಅವಳ ಮೇಲೆ ಹೇರಿಲ್ಲ.

ಹಾಗಾದರೆ ಬೇರೆ ರೀತಿಯ ರಮಝಾನ್ ಸಾಧ್ಯವೇ? ಸಾಧ್ಯ. ಅದು ಈಗಾಗಲೇ ಒಮ್ಮೆ ಆಗಿದೆ. 2020ರ ರಮಝಾನನ್ನು ನೆನಪಿಸಿಕೊಳ್ಳಿ. ಎಪ್ರಿಲ್ ಕೊನೆಯ ವಾರದಲ್ಲಿ ಆರಂಭವಾದ ಆ ತಿಂಗಳು ಇಡಿಯಾಗಿ ಲಾಕ್‌ಡೌನಿನಲ್ಲಿ ಕಳೆಯಿತು. ಮಸೀದಿಗಳ ಬಾಗಿಲು ಮುಚ್ಚಿತ್ತು. ಅದರ ನೋವು ಎಷ್ಟಿತ್ತೆಂದು ನಮಗೆಲ್ಲ ಗೊತ್ತು. ರೋಗವನ್ನು ಒಂದು ಸಮುದಾಯದ ತಲೆಗೆ ಕಟ್ಟಿದ ಮಾಧ್ಯಮಗಳ ಅಬ್ಬರವೂ ಆಗಲೇ ನಡೆದಿತ್ತು. ಆದರೆ ಮನೆಯೊಳಗೆ ಏನು ನಡೆಯಿತು? ತರಾವೀಹ್ ನಮಾಝ್ ಮನೆಯ ಚಾವಡಿಗೆ ಬಂತು. ತಂದೆ ಅಥವಾ ಕುರ್‌ಆನ್ ಹೆಚ್ಚು ಬಲ್ಲ ಮಗ ಇಮಾಮನಾಗಿ ನಿಂತ, ಹಿಂದೆ ಗಂಡುಮಕ್ಕಳು, ಅವರ ಹಿಂದೆ ತಾಯಿ, ಹೆಣ್ಣುಮಕ್ಕಳು, ಅಜ್ಜಿ ಕುರ್ಚಿಯಲ್ಲಿ. ಮದುವೆಯಾಗಿ ಇಪ್ಪತ್ತು ವರ್ಷಗಳಾದ ಎಷ್ಟೋ ತಾಯಂದಿರು ರಮಝಾನ್ ಪೂರ್ತಿ ಜಮಾಅತ್‌ನೊಂದಿಗೆ ತರಾವೀಹ್ ನಿರ್ವಹಿಸಿದ್ದು ಆ ವರ್ಷವೇ ಮೊದಲು. ನಮಾಝಿಗೆ ಅವಳೂ ನಿಲ್ಲಬೇಕಾಗಿದ್ದುದರಿಂದ ಪಾತ್ರೆ ತೊಳೆಯಲು ಮಗ ಸಿಂಕಿನ ಬಳಿ ನಿಂತ. ಅವಳು ಬರುವ ತನಕ ಇಕಾಮತ್ ತಡವಾಗುತ್ತದೆ ಎಂದು ತಿಳಿದಾಗ ಕೆಲಸ ತಾನಾಗಿಯೇ ಹಂಚಿಹೋಯಿತು. ಇಫ್ತಾರ್ ಕೂಟಗಳಿರಲಿಲ್ಲ, ಆದ್ದರಿಂದ ಪ್ರದರ್ಶನಕ್ಕಾಗಿ ಅಡುಗೆ ಮಾಡಬೇಕಾಗಿರಲಿಲ್ಲ. ಈ ಬಾರಿ ಹೊಸಬಟ್ಟೆ ಬೇಡ, ಆ ಹಣ ಹಸಿದವರಿಗೆ ಹೋಗಲಿ ಎಂಬ ಕರೆಗೆ ಅನೇಕ ಊರುಗಳಲ್ಲಿ ಜನರು ಓಗೊಟ್ಟರು. ಈದ್ ನಮಾಝನ್ನೂ ಮನೆಯಲ್ಲಿಯೇ ನಿರ್ವಹಿಸಲಾಯಿತು.

ಮಸೀದಿಗಳು ತೆರೆದವು, ಅಲ್‌ಹಮ್ದುಲಿಲ್ಲಾಹ್. ಗಂಡಸರು ಮರಳಿ ತಮ್ಮ ಸಾಲುಗಳಿಗೆ ಹೋದರು, ತಾಯಿ ಮರಳಿ ಸಿಂಕಿನ ಬಳಿಗೆ ಹೋದಳು. ಒಂದು ಮಹಾಮಾರಿಯ ಬಲವಂತಕ್ಕೆ ಸಾಧ್ಯವಾದದ್ದು ಒಂದು ಕುಟುಂಬದ ಪ್ರೀತಿಗೆ ಯಾಕೆ ಸಾಧ್ಯವಾಗಬಾರದು? ವಾರಕ್ಕೆ ಎರಡು ರಾತ್ರಿ ಮಗನೊಬ್ಬ ಮನೆಯಲ್ಲಿ ಉಳಿದು ತಾಯಿಗೆ, ತಂಗಿಯರಿಗೆ ಇಮಾಮನಾಗಿ ನಿಂತರೆ ಮಸೀದಿಯ ಸಾಲೇನೂ ಬರಿದಾಗದು. ಹಿಫ್‌ಝ್ ಕಲಿಯುತ್ತಿರುವ ಮಕ್ಕಳಿರುವ ಮನೆಗಳಲ್ಲಂತೂ ಇದು ಅವರ ಕಂಠಪಾಠಕ್ಕೂ ಒಳ್ಳೆಯದು. ತಾಯಿಗಿಂತ ತಾಳ್ಮೆಯ ಕೇಳುಗರು ಅವರಿಗೆ ಸಿಗಲಾರರು.

ಇನ್ನು ಸಭೆಗಳಲ್ಲಿ ಸಾಮಾನ್ಯವಾಗಿ ಯಾರೂ ಎತ್ತದ ಒಂದು ವಿಷಯ. ಎತ್ತದಿರುವುದು ಲಜ್ಜೆಯಿಂದ ಎನ್ನುತ್ತಾರೆ, ಆದರೆ ಇದರ ಕುರಿತು ಸಹಾಬಿ ಮಹಿಳೆಯರು ಪ್ರವಾದಿ(ಸ)ರವರಲ್ಲಿ ನೇರವಾಗಿ ಕೇಳಿ ತಿಳಿದುಕೊಂಡಿದ್ದಾರೆ. ಋತುಸ್ರಾವದ ದಿನಗಳಲ್ಲಿ ಮಹಿಳೆಗೆ ಉಪವಾಸವಿಲ್ಲ. ಗರ್ಭಿಣಿಗೆ, ಮೊಲೆಯೂಡುವ ತಾಯಿಗೆ ರಿಯಾಯಿತಿಯಿದೆ. ಇದು ಅಲ್ಲಾಹನು ಕೊಟ್ಟ ವಿನಾಯಿತಿ. ಆದರೆ ನಮ್ಮ ಎಷ್ಟು ಮನೆಗಳಲ್ಲಿ ಆ ವಿನಾಯಿತಿಯನ್ನು ತಾಯಿ ತಲೆಯೆತ್ತಿ ಬಳಸಿಕೊಳ್ಳಬಲ್ಲಳು? ಗಂಡುಮಕ್ಕಳು ನೋಡಿಯಾರೆಂದು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಒಂದು ತುಂಡು ರೊಟ್ಟಿ ನುಂಗುತ್ತಾಳೆ. ನೀರು ಕುಡಿಯಲೂ ಮರೆ ಹುಡುಕುತ್ತಾಳೆ. ಅನೇಕರು ಅದೂ ಬೇಡವೆಂದು ಇಡೀ ದಿನ ಹಸಿದೇ ಇರುತ್ತಾರೆ. ಅದು ಉಪವಾಸವೂ ಅಲ್ಲ, ಊಟವೂ ಅಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಕರ್ನಾಟಕದಲ್ಲಿ ಇದು ಹತ್ತಿರ ಹತ್ತಿರ ಅರ್ಧ. ಎಲ್ಲರಿಗೂ ಬಡಿಸಿ ಉಳಿದುದನ್ನು ಉಣ್ಣುವವಳಿಗೆ, ಸಹರಿಗೆ ನೀರು ಕುಡಿದು ಏಳುವವಳಿಗೆ, ರಕ್ತ ಹೋಗುವ ದಿನಗಳಲ್ಲಿಯೂ ಕದ್ದು ತಿನ್ನಬೇಕಾದವಳಿಗೆ ರಕ್ತ ಎಲ್ಲಿಂದ ಬರಬೇಕು? ಹದಿನೈದು ವರ್ಷದ ಗಂಡುಮಗನಿಗೆ ಈ ವಿನಾಯಿತಿಯ ಬಗ್ಗೆ ಮದ್ರಸದ ಫಿಕ್ಹ್ ಪುಸ್ತಕದಲ್ಲಿ ಪಾಠವಿದೆ. ಅದನ್ನು ಓದಿದವನ ಎದುರು ಅವನ ತಾಯಿ ಅವಿತು ನೀರು ಕುಡಿಯಬೇಕಾಗಿ ಬರುವುದು ವಿಪರ್ಯಾಸ. ಈ ವಿಷಯದಲ್ಲಿ ತಂದೆ ಮಗನನ್ನು ಕರೆದು ಎರಡು ಮಾತು ಹೇಳಿದರೆ ಸಾಕು.

ಮಾರ್ಚ್ ತಿಂಗಳೆಂದರೆ ಪರೀಕ್ಷೆಯ ತಿಂಗಳು ಎಂಬುದನ್ನು ಮರೆಯುವಂತಿಲ್ಲ. 2025ರಲ್ಲಿ ಮಾರ್ಚ್ 1ರಿಂದ 20ರ ತನಕ ದ್ವಿತೀಯ ಪಿಯುಸಿ ಪರೀಕ್ಷೆ, 21ರಿಂದ ಎಪ್ರಿಲ್ 4ರ ತನಕ ಎಸೆಸೆಲ್ಸಿ ಪರೀಕ್ಷೆ ನಡೆಯಿತು. ನಮ್ಮಲ್ಲಿ ಉಪವಾಸ ಆರಂಭವಾದದ್ದು ಮಾರ್ಚ್ 2ರಂದು, ಈದ್ ಬಂದದ್ದು 31ರಂದು. ಎರಡೂ ತರಗತಿಗಳ ಮಕ್ಕಳಿದ್ದ ಮನೆಯ ತಾಯಿಗೆ ಆ ತಿಂಗಳು ಹೇಗಿದ್ದಿರಬಹುದೆಂದು ಯೋಚಿಸಿ. ರಾತ್ರಿ ಓದುವ ಮಗಳ ಜೊತೆ ಕುಳಿತಿರಬೇಕು, ಸಹರಿಗೆ ಏಳಬೇಕು, ಪರೀಕ್ಷೆಗೆ ಹೋಗುವವಳು ಉಪವಾಸವಿರಬೇಕೇ ಎಂಬ ಚರ್ಚೆಯಲ್ಲಿ ಅಜ್ಜಿ ಮತ್ತು ಮೊಮ್ಮಗಳ ನಡುವೆ ಸಂಧಾನ ಮಾಡಬೇಕು. ಹಬ್ಬದ ದಿನವೂ ಪುಸ್ತಕ ಮುಚ್ಚುವಂತಿರಲಿಲ್ಲ.

ಅವಳ ಪತಿ ಕೊಲ್ಲಿ ರಾಷ್ಟ್ರದಲ್ಲಿದ್ದರೆ ಕೇಳುವುದೇ ಬೇಡ. ಭಟ್ಕಳ, ಉಡುಪಿ, ಮಂಗಳೂರಿನ ಆಸುಪಾಸಿನ ಎಷ್ಟೋ ಮನೆಗಳಲ್ಲಿ ತಾಯಿಯೇ ಬ್ಯಾಂಕಿಗೆ ಹೋಗುವವಳು, ಶಾಲೆಯ ಸಭೆಗೆ ಹೋಗುವವಳು, ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯುವವಳು. ನಮ್ಮಲ್ಲಿ ಇಫ್ತಾರ್ ಆಗುವಾಗ ದುಬೈಯಲ್ಲಿ ಇನ್ನೂ ಉಪವಾಸ. ಅಲ್ಲಿ ಅವನು ಉಪವಾಸ ತೊರೆದು ಫೋನ್ ಮಾಡುವಾಗ ಇಲ್ಲಿ ಅವಳು ಮಕ್ಕಳನ್ನು ಮಲಗಿಸುವ ಹೊತ್ತು. 2025ರಲ್ಲಿ ಸೌದಿ ಅರೇಬಿಯ ಮತ್ತು ಯುಎಇಯಲ್ಲಿ ಈದ್ ಮಾರ್ಚ್ 30ರಂದೇ ಆಯಿತು. ಅವನು ಹಬ್ಬದ ಬಟ್ಟೆಯಲ್ಲಿ ವೀಡಿಯೊ ಕರೆಗೆ ಬಂದಾಗ ಅವಳು ಕೊನೆಯ ಉಪವಾಸದಲ್ಲಿದ್ದಳು. ಇಂತಹ ಮನೆಗಳಲ್ಲಿ ತಂದೆಯಿಂದ ಮನೆಗೆಲಸದ ಪಾಲನ್ನು ಕೇಳುವಂತಿಲ್ಲ. ಆದರೆ ಸಂಜೆ ಕ್ರಿಕೆಟ್ ಮುಗಿಸಿ ಇಫ್ತಾರಿಗೆ ಐದು ನಿಮಿಷವಿರುವಾಗ ಬರುವ ಹದಿನೇಳರ ಮಗ ಊರಿನಲ್ಲಿಯೇ ಇದ್ದಾನಲ್ಲ!

ಹಿಜ್ರಿ ವರ್ಷವು ಸೌರ ವರ್ಷಕ್ಕಿಂತ ಹತ್ತು-ಹನ್ನೊಂದು ದಿನ ಚಿಕ್ಕದಾದುದರಿಂದ ಸುಮಾರು ಮೂವತ್ತಮೂರು ವರ್ಷಗಳಲ್ಲಿ ರಮಝಾನ್ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಐವತ್ತು ದಾಟಿದ ನಮ್ಮ ತಾಯಂದಿರು ಎಲ್ಲ ಕಾಲದ ರಮಝಾನನ್ನೂ ಒಲೆಯ ಮುಂದೆ ಕಂಡಿದ್ದಾರೆ. 2016ರಲ್ಲಿ ಅದು ಜೂನ್ ತಿಂಗಳ ಮಳೆಯಲ್ಲಿ ಬಂತು. ಒಗೆದ ಬಟ್ಟೆ ಒಣಗುತ್ತಿರಲಿಲ್ಲ. 2018ರ ಮೇ 29ರಂದು ಮಂಗಳೂರಿನ ತಗ್ಗು ಪ್ರದೇಶಗಳ ಮನೆಗಳಿಗೆ ಮಳೆನೀರು ನುಗ್ಗಿದ ದಿನವೂ ಉಪವಾಸದ ದಿನವೇ ಆಗಿತ್ತು. ಅಂದೂ ಮಗ್‌ರಿಬ್ ಆಯಿತು, ಅಂದೂ ಮಕ್ಕಳಿಗೆ ಏನಾದರೂ ಕೊಡಬೇಕಾಗಿತ್ತು.

ಈದ್‌ನ ವಿಷಯಕ್ಕೆ ಬರೋಣ. ಚಂದ್ರದರ್ಶನದ ರಾತ್ರಿ ಮನೆಯಲ್ಲಿ ಎಲ್ಲರೂ ಫೋನ್ ಹಿಡಿದು ಕುಳಿತಿರುತ್ತಾರೆ. ತಾಯಿಗೆ ಮಾತ್ರ ಎರಡು ಯೋಜನೆ ಸಿದ್ಧವಿರಬೇಕು. ಚಂದ್ರ ಕಂಡರೆ ಹಬ್ಬದ ಅಡುಗೆ, ಕಾಣದಿದ್ದರೆ ಸಹರಿ. 2024ರಲ್ಲಿ ಕರಾವಳಿಯಲ್ಲಿ ಎಪ್ರಿಲ್ 10ರಂದು, ಬೆಂಗಳೂರಿನಲ್ಲಿ 11ರಂದು ಈದ್ ಆಯಿತು. ಬೆಂಗಳೂರಿಗೆ ಮದುವೆ ಮಾಡಿ ಕೊಟ್ಟ ಮಗಳು ಅತ್ತ ಉಪವಾಸದಲ್ಲಿರುವಾಗ ಇತ್ತ ಬಿರಿಯಾನಿ ಬಡಿಸುವುದು ಅವಳಿಗೆ ಅಷ್ಟೇನೂ ರುಚಿಸುವ ಸಂಗತಿಯಲ್ಲ. ಫಿತ್ರ್ ಝಕಾತ್ ಕೊಡುವ ಹೊಣೆ ಮನೆಯ ಯಜಮಾನನದ್ದಾದರೂ ತಲೆಗೆ ಒಂದು ಸಾಅ್‌ನಂತೆ ಹೊಸದಾಗಿ ಹುಟ್ಟಿದ ಕೂಸನ್ನೂ ಬಿಡದೆ ಎಣಿಸಿ ಅಕ್ಕಿ ಅಳೆದು ಕಟ್ಟಿಡುವವಳು ಅವಳೇ. ಬೆಳಿಗ್ಗೆ ತಕ್ಬೀರ್ ಹೇಳುತ್ತಾ ಎಲ್ಲರೂ ಈದ್‌ಗಾಹ್‌ಗೆ ಹೊರಡುತ್ತಾರೆ. ಅವಳ ತಕ್ಬೀರ್ ಕುಕ್ಕರಿನ ಸೀಟಿಯ ನಡುವೆ.

ಪ್ರವಾದಿ(ಸ)ರವರು ಎರಡೂ ಈದ್‌ಗಳಿಗೆ ಮಹಿಳೆಯರನ್ನು ಹೊರಡಿಸಬೇಕೆಂದು ಆಜ್ಞಾಪಿಸಿದ್ದನ್ನು ಉಮ್ಮು ಅತಿಯ್ಯಾ(ರ)ರವರು ವರದಿ ಮಾಡಿದ್ದಾರೆ. ನಮಾಝ್ ಇಲ್ಲದ ದಿನಗಳಲ್ಲಿರುವವರೂ ಬರಲಿ, ನಮಾಝಿನ ಸ್ಥಳದಿಂದ ಬದಿಗೆ ನಿಂತು ಒಳಿತಿನಲ್ಲಿ, ಪ್ರಾರ್ಥನೆಯಲ್ಲಿ ಪಾಲ್ಗೊಳ್ಳಲಿ ಎಂದರು. ಒಬ್ಬಳಿಗೆ ಮೇಲುಡುಗೆ ಇಲ್ಲದಿದ್ದರೆ ಎಂದು ಕೇಳಿದಾಗ, ಅವಳ ಗೆಳತಿ ತನ್ನದನ್ನು ಕೊಡಲಿ ಎಂದರು. ಬಟ್ಟೆಯಿಲ್ಲ ಎಂಬುದೂ ಒಂದು ನೆಪವಾಗಿ ಸ್ವೀಕೃತವಾಗಲಿಲ್ಲ. ಹಾಗಿರುವಾಗ ಬಿರಿಯಾನಿ ನೆಪವಾಗುವುದು ಹೇಗೆ? ಮಹಿಳೆಯರ ಮಸೀದಿ ಪ್ರವೇಶಕ್ಕೆ ಧರ್ಮದಲ್ಲಿ ತಡೆಯಿಲ್ಲವೆಂದು ಅಖಿಲ ಭಾರತ ಮುಸ್ಲಿಮ್ ವೈಯಕ್ತಿಕ ಕಾನೂನು ಮಂಡಳಿಯು 2020ರಲ್ಲಿ ಸುಪ್ರೀಮ್ ಕೋರ್ಟಿಗೆ ಲಿಖಿತವಾಗಿ ತಿಳಿಸಿದೆ. ನಮ್ಮಲ್ಲಿ ಕೆಲವು ಊರುಗಳ ಮಸೀದಿ, ಈದ್‌ಗಾಹ್‌ಗಳಲ್ಲಿ ಮಹಿಳೆಯರಿಗೆ ವ್ಯವಸ್ಥೆಯಿದೆ, ಹಲವು ಊರುಗಳಲ್ಲಿಲ್ಲ. ಅಭಿಪ್ರಾಯ ಭೇದಗಳನ್ನು ನಾವು ಗೌರವಿಸುತ್ತೇವೆ. ಆದರೆ ವ್ಯವಸ್ಥೆಯಿರುವ ಊರಿನಲ್ಲಿಯೂ ತಾಯಿ ಹೋಗದಿರುವುದು ಫಿಕ್ಹಿನ ಕಾರಣದಿಂದಲ್ಲ, ಹನ್ನೊಂದು ಗಂಟೆಗೆ ಅತಿಥಿಗಳು ಬರುತ್ತಾರೆ ಎಂಬ ಕಾರಣದಿಂದ. ಊಟವನ್ನು ಎರಡು ಗಂಟೆಗೆ ಇಟ್ಟುಕೊಂಡರೆ ಯಾವ ಅತಿಥಿಯೂ ಮುನಿಯಲಾರ.

ಇಲ್ಲಿಯೇ ಇನ್ನೊಬ್ಬ ತಾಯಿಯನ್ನೂ ನೆನೆಯಬೇಕು. ನಮ್ಮ ಮನೆಗಳಿಗೆ ಪಾತ್ರೆ ತೊಳೆಯಲು, ನೆಲ ಒರೆಸಲು ಬರುವವಳು. ಅವಳೂ ತಾಯಿ, ಕೆಲವೊಮ್ಮೆ ಅವಳಿಗೂ ಉಪವಾಸವಿರುತ್ತದೆ. ಮನೆಯ ಯಜಮಾನಿಗೆ ಕೆಲಸ ಹಗುರವಾಗಲಿ ಎಂದು ಅದನ್ನೆಲ್ಲ ಅವಳ ತಲೆಗೆ ದಾಟಿಸುವುದನ್ನು ನಾವು ಸುಧಾರಣೆ ಎನ್ನುವುದಿಲ್ಲ. ರಮಝಾನಿನಲ್ಲಿ ಹೆಚ್ಚು ಕೆಲಸ ಮಾಡಿಸಿದರೆ ಹೆಚ್ಚು ಸಂಬಳ ಕೊಡಬೇಕು, ಅದನ್ನು ಝಕಾತಿನ ಲೆಕ್ಕಕ್ಕೆ ಸೇರಿಸಬಾರದು. ಕೂಲಿ ಬೇರೆ, ಝಕಾತ್ ಬೇರೆ. ಈದ್ ದಿನ ಅವಳಿಗೆ ರಜೆ ಕೊಡಬೇಕು. ಅವಳು ಹಿಂದೂ ಸಹೋದರಿಯಾಗಿದ್ದರೆ ದೀಪಾವಳಿಗೂ, ಚೌತಿಗೂ ರಜೆ ಕೊಡಬೇಕು.

ಕೊನೆಯದಾಗಿ ಶವ್ವಾಲಿನ ವಿಷಯ. ಹಬ್ಬ ಮುಗಿಯುತ್ತದೆ, ಮನೆಯ ಊಟ ಹಳೆಯ ವೇಳೆಗೆ ಮರಳುತ್ತದೆ. ಆದರೆ ತಾಯಿಯ ಲೆಕ್ಕ ಮುಗಿದಿರುವುದಿಲ್ಲ. ಬಿಟ್ಟುಹೋದ ಆರೋ ಏಳೋ ಉಪವಾಸಗಳನ್ನು ಅವಳು ತೀರಿಸಬೇಕು. ಈ ಬಾರಿ ಅವಳೊಂದಿಗೆ ಸಹರಿಗೆ ಏಳುವವರು ಯಾರೂ ಇರುವುದಿಲ್ಲ. ಮಧ್ಯಾಹ್ನ ಎಲ್ಲರಿಗೂ ಬಡಿಸಿ, ತಾನು ಉಪವಾಸವಿದ್ದೇನೆಂದು ಹೇಳದೆ, ಮಗ್‌ರಿಬ್‌ಗೆ ಒಬ್ಬಳೇ ನೀರು ಕುಡಿಯುತ್ತಾಳೆ. ತಮಗೆ ಬಾಕಿಯ ಉಪವಾಸಗಳನ್ನು ತೀರಿಸಲು ಶಾಬಾನ್ ತಿಂಗಳ ತನಕ ಸಾಧ್ಯವಾಗುತ್ತಿರಲಿಲ್ಲ ಎಂದು ಹ. ಆಯಿಶಾ(ರ)ರವರು ಹೇಳಿರುವುದು ಬುಖಾರಿಯಲ್ಲಿದೆ. ಸಂಸಾರದ ಹೊಣೆಯಲ್ಲಿರುವ ಮಹಿಳೆಗೆ ಧರ್ಮ ಕೊಟ್ಟ ಕಾಲಾವಕಾಶ ಎಷ್ಟು ವಿಶಾಲವಾದುದೆಂದು ಇದರಿಂದ ತಿಳಿಯುತ್ತದೆ. ಆದರೆ ಅವಕಾಶವಿದೆಯೆಂದು ಅವಳನ್ನು ಒಬ್ಬಂಟಿಯಾಗಿ ಬಿಡಬೇಕೆಂದಿಲ್ಲ. ಶವ್ವಾಲಿನ ಆರು ಐಚ್ಛಿಕ ಉಪವಾಸಗಳನ್ನು ಆಚರಿಸುವ ಗಂಡಸರು ನಮ್ಮಲ್ಲಿ ಅನೇಕರಿದ್ದಾರೆ. ತಾಯಿ ಕಝಾ ಉಪವಾಸ ಹಿಡಿಯುವ ದಿನಗಳನ್ನು ಕೇಳಿ ತಿಳಿದು ಅದೇ ದಿನಗಳಲ್ಲಿ ಅವರೂ ಹಿಡಿಯಲಿ. ಆ ದಿನಗಳ ಸಹರಿಯ ಚಹಾವನ್ನು ಅವರೇ ಮಾಡಲಿ.

ಜಮಾಅತ್ ಸಮಿತಿಯ ಪದಾಧಿಕಾರಿಗಳು ಸಭೆಯಲ್ಲಿದ್ದಾರೆ. ಕೊನೆಯ ಹತ್ತು ರಾತ್ರಿಗಳಲ್ಲಿ ಮದ್ರಸದ ಹಾಲ್ ಅನ್ನು ಮಹಿಳೆಯರ ನಮಾಝಿಗೆ ತೆರೆದಿಡುವ ಬಗ್ಗೆ ಮತ್ತು ಆ ಹೊತ್ತಿನಲ್ಲಿ ಪುಟ್ಟ ಮಕ್ಕಳನ್ನು ತಂದೆಯಂದಿರೇ ನೋಡಿಕೊಳ್ಳುವ ಬಗ್ಗೆ ಅವರು ಇಂದೇ ಏನಾದರೂ ಹೇಳಿದರೆ ಒಳ್ಳೆಯದಿತ್ತು. ಅಸರ್‌ಗೆ ಇನ್ನು ಅರ್ಧ ಗಂಟೆಯಿದೆ. ಪ್ರಶ್ನೆಗಳಿಗೆ ಸಮಯ ಕೊಡಲಾಗಿದೆ. ಸಹೋದರಿಯರ ಕಡೆಗೆ ಮೊದಲು ಮೈಕ್ ಕಳುಹಿಸಿಕೊಡಿ.